ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲು ಹಾರುಹೊಡೆದಿದೆ: ಸಂಬಂಧ ಕೆಡಿಸುವ ಮೇಲ್‌ಗಳ ಮುಂದೆ ಜಿಮೇಲ್ ಎಷ್ಟು ಗಟ್ಟಿ?

ಗಂಡ-ಹೆಂಡತಿ ಜಗಳವಿರಲಿ, ಮುರಿದುಬಿದ್ದ ನಿಶ್ಚಿತಾರ್ಥವಿರಲಿ, ಅಣ್ಣ-ತಮ್ಮಂದಿರ ಸೈಟಿನ ತಕರಾರಿರಲಿ, ಈಗ ಒಂದು ಮೇಲ್‌ನ ಸ್ಕ್ರೀನ್‌ಶಾಟ್ ಇಲ್ಲದೆ ಪಂಚಾಯಿತಿ ಮುಗಿಯುವುದಿಲ್ಲ. 'ನೋಡಿ, ಅವರೇ ಬರೆದಿದ್ದಾರೆ' ಎಂದು ಫೋನು ಮುಂದೆ ಹಿಡಿಯುತ್ತಾರೆ. ಬರೆದದ್ದು ಅವರೇನಾ, ಬರೆದದ್ದೇ ಅಲ್ಲಿ ಉಳಿದಿದೆಯಾ, ನಡುವೆ ಯಾರಾದರೂ ಕೈಯಾಡಿಸಿದರಾ ಎಂಬುದನ್ನು ಬಿಡಿಸಿ ಹೇಳುವ ಶಕ್ತಿ ಒಂದು ಮೇಲ್ ಸೇವೆಗೆ ಎಷ್ಟಿದೆ? ಈ ವಿಮರ್ಶೆ ನೋಡುವುದು ಅದೊಂದನ್ನೇ. ಎಷ್ಟು ಜಿಬಿ ಜಾಗ, ಯಾವ ಬಣ್ಣದ ಥೀಮ್ ಎಂಬುದೆಲ್ಲ ಇಲ್ಲಿ ಲೆಕ್ಕಕ್ಕಿಲ್ಲ. ಮುಖ್ಯವಾಗಿ ಜಿಮೇಲ್, ಹೋಲಿಕೆಗೆ ಔಟ್‌ಲುಕ್, ಯಾಹೂ, ಪ್ರೋಟಾನ್. ಕೊನೆಯಲ್ಲಿ, ಬೆಂಗಳೂರಿನಲ್ಲಿ ದೂರು ಕೊಡಲು ಹೊರಟರೆ ಕೈಯಲ್ಲಿ ಏನಿರಬೇಕು ಎನ್ನುವುದು.

ಅಂಕ ಮೊದಲೇ ಹೇಳಿಬಿಡುತ್ತೇವೆ. ಎಲ್ಲೋ ದೂರದಲ್ಲಿ ಕೂತು ನಿಮ್ಮ ವಿಳಾಸವನ್ನು ನಕಲಿ ಮಾಡುವವರ ಎದುರು ಜಿಮೇಲ್‌ಗೆ 5ಕ್ಕೆ 4. ನಿಮ್ಮ ಫೋನಿನ ಪ್ಯಾಟರ್ನ್ ಗೊತ್ತಿರುವ, ನಿಮ್ಮ ವೈಫೈಯಲ್ಲೇ ಇರುವ, ನಿಮ್ಮ ರಿಕವರಿ ನಂಬರ್ (ಪಾಸ್‌ವರ್ಡ್ ಮರೆತರೆ ಖಾತೆ ಮರಳಿ ಪಡೆಯಲು ಕೊಟ್ಟಿರುವ ಫೋನ್ ನಂಬರ್) ತನ್ನದೇ ಆಗಿರುವ ವ್ಯಕ್ತಿಯ ಎದುರು 5ಕ್ಕೆ 2. ಇಬ್ಬರ ನಡುವಿನ ನಂಬಿಕೆ ಕೆಡಿಸುವುದರಿಂದ ಲಾಭವಿರುವುದು ಹೆಚ್ಚಾಗಿ ಈ ಎರಡನೆಯ ಬಗೆಯವರಿಗೆ. ಹಾಗಾಗಿ ಆ 2 ಅಂಕವೇ ನಮಗೆ ಮುಖ್ಯ.

ಹೆಸರು ಅದೇ, ವಿಳಾಸ ಬೇರೆ

ಅತಿ ಸುಲಭದ ಮೋಸಕ್ಕೆ ತಂತ್ರಜ್ಞಾನವೇ ಬೇಡ. ಹೊಸ ಖಾತೆ ತೆರೆದು ನಿಮ್ಮ ಹೆಸರು, ನಿಮ್ಮ ಫೋಟೋ ಹಾಕಿದರೆ ಮುಗಿಯಿತು. ಫೋನಿನ ಆ್ಯಪ್ ತೋರಿಸುವುದು ಹೆಸರನ್ನು, ವಿಳಾಸವನ್ನಲ್ಲ. ಹೆಸರಿನ ಕೆಳಗಿನ ಪುಟ್ಟ ಬಾಣದ ಗುರುತು ಒತ್ತಿದರೆ ಮಾತ್ರ ವಿಳಾಸ ಕಾಣುತ್ತದೆ.

ಕನ್ನಡದ ಹೆಸರುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಇಂಗ್ಲಿಷ್ ಅಕ್ಷರಕ್ಕೆ ಇಳಿಯುವಾಗ ಅವಕ್ಕೆ ಒಂದೇ ರೂಪ ಇಲ್ಲ. ಸವಿತಾ ಎಂಬಲ್ಲಿನ ತಾ ಕೆಲವರಿಗೆ ಬರೀ ಟಿ, ಕೆಲವರಿಗೆ ಟಿ-ಎಚ್. ಮೂರ್ತಿಯ ಕೊನೆಯಲ್ಲಿ ಐ ಬರಬಹುದು, ವೈ ಬರಬಹುದು. ನಡುವೆ ಒಂದು ಯು ಅಥವಾ ಎರಡು ಒ. ಲಕ್ಷ್ಮಿಗೆ ಕೆ-ಎಸ್-ಎಚ್ ಆದರೂ ಆಯಿತು, ಎಕ್ಸ್ ಆದರೂ ಆಯಿತು. ಹೀಗೆ ಒಬ್ಬರ ಹೆಸರಿಗೆ ನಾಲ್ಕೈದು 'ಸರಿಯಾದ' ವಿಳಾಸಗಳು ಹುಟ್ಟುತ್ತವೆ. ಚಿಕ್ಕಮ್ಮನಿಗೆ ಬಂದ ಮೇಲ್‌ನಲ್ಲಿ ಎಚ್ ಇಲ್ಲ ಎಂದು ಯಾರು ಗಮನಿಸುತ್ತಾರೆ? ಇದರ ಜೊತೆಗೆ ಹಳೆಯ ಕಣ್ಕಟ್ಟುಗಳೂ ಇವೆ: ಆರ್ ಮತ್ತು ಎನ್ ಅಂಟಿಸಿದರೆ ಎಮ್‌ನಂತೆ ಕಾಣುತ್ತದೆ, ಸೊನ್ನೆ ಒ ಆಗುತ್ತದೆ. ಹೆಸರು ಹೋಲುವ ಹೊಸ ಖಾತೆ ತೆರೆಯುವುದನ್ನು ಯಾವ ಉಚಿತ ಸೇವೆಯೂ ತಡೆಯುವುದಿಲ್ಲ, ಜಿಮೇಲ್ ಕೂಡ.

ಚುಕ್ಕಿಯ ವಿಷಯಕ್ಕೆ ಮಾತ್ರ ಜಗಳ ಬೇಡ. ಜಿಮೇಲ್ ವಿಳಾಸದ ನಡುವಿನ ಚುಕ್ಕಿಗಳನ್ನು ಗೂಗಲ್ ಲೆಕ್ಕಕ್ಕೇ ಹಿಡಿಯುವುದಿಲ್ಲ. ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸವೂ ಇಲ್ಲ. ಹೆಸರಿನ ನಂತರ ಪ್ಲಸ್ ಚಿಹ್ನೆ ಹಾಕಿ ಏನು ಸೇರಿಸಿದರೂ ಪತ್ರ ಹೋಗುವುದು ಅದೇ ಖಾತೆಗೆ. 'ಚುಕ್ಕಿ ಇಲ್ಲ, ಆದ್ದರಿಂದ ಇದು ಬೇರೆ ಯಾರೋ' ಎಂಬ ವಾದ ನಿಲ್ಲುವುದಿಲ್ಲ. ಕಂಪನಿಯ ಸ್ವಂತ ಡೊಮೇನ್‌ನ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ವಿಳಾಸಕ್ಕೆ ಈ ನಿಯಮ ಅನ್ವಯಿಸದು. ಅಲ್ಲಿ ಚುಕ್ಕಿ ಬದಲಾದರೆ ಮನುಷ್ಯನೂ ಬದಲಾಗಬಹುದು.

ನಿಮ್ಮ ವಿಳಾಸದಿಂದಲೇ ಬಂದಂತೆ ಕಾಣುವ ಪತ್ರ

ಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಪದ್ಧತಿ 1982ರದ್ದು. 'ಫ್ರಮ್' ಎಂಬ ಸಾಲಿನಲ್ಲಿ ಕಳಿಸುವವನು ಏನು ಬರೆದರೂ ಅದು ಒಪ್ಪಿಕೊಳ್ಳುತ್ತದೆ. ಆ ತೂತು ಮುಚ್ಚಲು ಮೂರು ತೇಪೆ ಹಾಕಿದ್ದಾರೆ. ಈ ಡೊಮೇನ್‌ನ ಪರವಾಗಿ ಯಾವ ಸರ್ವರ್‌ಗಳು ಕಳಿಸಬಹುದು ಎಂಬ ಪಟ್ಟಿ ಎಸ್‌ಪಿಎಫ್. ಪತ್ರದ ಒಡಲಿಗೂ ಮುಖ್ಯ ತಲೆಸಾಲುಗಳಿಗೂ (ಹೆಡರ್) ಕಳಿಸುವ ಸರ್ವರ್ ಹಾಕುವ ಡಿಜಿಟಲ್ ಸಹಿ ಡಿಕಿಮ್. ಇವೆರಡರಲ್ಲಿ ಒಂದಾದರೂ ಕಣ್ಣಿಗೆ ಕಾಣುವ 'ಫ್ರಮ್' ವಿಳಾಸದ ಡೊಮೇನ್‌ಗೆ ಹೊಂದುತ್ತದೆಯೇ ಎಂದು ನೋಡಿ, ಹೊಂದದಿದ್ದರೆ ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್.

ಒಳಬರುವ ಪತ್ರಗಳಲ್ಲಿ ಜಿಮೇಲ್ ಈ ಮೂರನ್ನೂ ನೋಡುತ್ತದೆ. ಹೊಂದದ ಪತ್ರ ಸ್ಪ್ಯಾಮ್‌ಗೆ ಬೀಳುತ್ತದೆ, ಇಲ್ಲವೇ ಕಳಿಸಿದವರ ಚಿತ್ರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. 2016ರಿಂದ ಇರುವ ಈ ಚಿಹ್ನೆಯನ್ನು ಬಹಳ ಜನ 'ಫೋಟೋ ಹಾಕಿಲ್ಲ' ಎಂದುಕೊಳ್ಳುತ್ತಾರೆ. ಫೋಟೋ ಇಲ್ಲದಿದ್ದರೆ ಬರುವುದು ಹೆಸರಿನ ಮೊದಲ ಅಕ್ಷರ. ಪ್ರಶ್ನೆ ಚಿಹ್ನೆ ಬಂದರೆ ಅದು ಎಚ್ಚರಿಕೆ.

ಒಂದು ಅಂಕ ಕಡಿಮೆಯಾದದ್ದಕ್ಕೆ ಕಾರಣ ಬೇರೆ ಇದೆ. ತನ್ನ ಹೆಸರಿನಲ್ಲಿ ಬರುವ ನಕಲಿ ಪತ್ರಗಳನ್ನು ತಿರಸ್ಕರಿಸಿ ಎಂದು ಯಾಹೂ 2014ರ ಏಪ್ರಿಲ್‌ನಲ್ಲೇ ಲೋಕಕ್ಕೆ ಸಾರಿತು. ಜಿಮೇಲ್ ಬಹುಕಾಲ ತನ್ನ ಡೊಮೇನ್‌ಗೆ ಇಟ್ಟುಕೊಂಡಿದ್ದು 'ವರದಿ ಕೊಟ್ಟರೆ ಸಾಕು' ಎಂಬ ಮೆತ್ತಗಿನ ನೀತಿ. ಅದನ್ನು ಬಿಗಿ ಮಾಡುವ ಮಾತು ಬಂದದ್ದು ಮೇಲ್ ಕಳಿಸುವವರಿಗೆ ಗೂಗಲ್ ತಂದ 2024ರ ಹೊಸ ನಿಯಮಗಳ ಜೊತೆಗೆ. ಇದರಿಂದ ಆಗುವ ತೊಂದರೆ ಹೀಗೆ: ನಿಮ್ಮ ಜಿಮೇಲ್ ವಿಳಾಸ ನಕಲಿಸಿ ಇನ್ನೊಂದು ಜಿಮೇಲ್‌ಗೆ ಕಳಿಸಿದರೆ ಸಿಕ್ಕಿಬೀಳುತ್ತಾರೆ. ಅದೇ ಪತ್ರವನ್ನು ಸರಿಯಾಗಿ ಜೋಡಿಸದ ಸರ್ವರ್ ಇರುವ ಯಾವುದೋ ಸಣ್ಣ ಆಫೀಸಿನ ಇನ್‌ಬಾಕ್ಸ್‌ಗೆ ಕಳಿಸಿದರೆ ಯಾವ ಎಚ್ಚರಿಕೆಯೂ ಇಲ್ಲದೆ ಒಳಗೆ ಹೋಗಬಹುದು. ನಿಮ್ಮ ಹೆಂಡತಿಯ ಮ್ಯಾನೇಜರ್‌ಗೆ 'ನೀವು' ಬರೆದ ಬೈಗುಳದ ಪತ್ರ ತಲುಪುವುದು ಇಂಥ ದಾರಿಯಲ್ಲಿ.

'ಶೋ ಒರಿಜಿನಲ್': ಈ ಸೇವೆಯ ಅತ್ಯುತ್ತಮ ಭಾಗ, ಅಡಗಿಸಿಟ್ಟ ಭಾಗ

ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಪತ್ರ ತೆರೆಯಿರಿ. ಬಲಮೇಲ್ಗಡೆ ರಿಪ್ಲೈ ಬಾಣದ ಪಕ್ಕ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಆರಿಸಿ. ಹೊಸ ಪುಟದ ತಲೆಯಲ್ಲಿ ಒಂದು ಕೋಷ್ಟಕ ಬರುತ್ತದೆ: ಮೆಸೇಜ್ ಐಡಿ, ರಚನೆಯಾದ ಸಮಯ, ಎಷ್ಟು ಸೆಕೆಂಡಿನಲ್ಲಿ ತಲುಪಿತು, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಅದರ ಕೆಳಗೆ ಪತ್ರದ ಹಸಿ ಪಠ್ಯ.

'ಪಾಸ್' ಎಂದು ಮೂರು ಕಡೆ ಇದ್ದ ತಕ್ಷಣ ಸಮಾಧಾನ ಪಡಬೇಡಿ. ಪಾಸ್ ಎಂದರೆ ಅಲ್ಲಿ ಹೇಳಿದ ಡೊಮೇನ್ ನಿಜವಾಗಿಯೂ ಕಳಿಸಿದೆ ಎಂದಷ್ಟೇ ಅರ್ಥ. ವಂಚಕನ ಸ್ವಂತ ಡೊಮೇನ್‌ಗೂ ಪಾಸ್ ಸಿಗುತ್ತದೆ. ಡಿಕಿಮ್ ಸಾಲಿನಲ್ಲಿರುವ ಡೊಮೇನ್ ಹೆಸರು, 'ಫ್ರಮ್' ವಿಳಾಸದಲ್ಲಿರುವ ಡೊಮೇನ್ ಎರಡೂ ಒಂದೇನಾ ನೋಡಿ. ಆಮೇಲೆ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ.

ಸಮಯದ ವಿಷಯದಲ್ಲಿ ಎಡವುವವರೇ ಜಾಸ್ತಿ. ಹಸಿ ಪಠ್ಯದ 'ರಿಸೀವ್ಡ್' ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅತಿ ಕೆಳಗಿನದೇ ಮೊದಲ ನಿಲ್ದಾಣ. ಗೂಗಲ್‌ನ ಸರ್ವರ್‌ಗಳು ಅಲ್ಲಿ ಬರೆಯುವುದು ಕ್ಯಾಲಿಫೋರ್ನಿಯಾದ ಗಂಟೆ. ಕೊನೆಯಲ್ಲಿ -0700 ಇದ್ದರೆ ನಮ್ಮ ಸಮಯಕ್ಕೆ ಹನ್ನೆರಡೂವರೆ ಗಂಟೆ ಕೂಡಿಸಿ, -0800 ಇದ್ದರೆ ಹದಿಮೂರೂವರೆ. 10:15 -0700 ಎಂದರೆ ಬೆಂಗಳೂರಿನಲ್ಲಿ ರಾತ್ರಿ 10:45. ಇದನ್ನು ಬೆಳಗಿನ ಹತ್ತೂಕಾಲು ಎಂದು ಓದಿ 'ಆಫೀಸಿನಲ್ಲಿ ಕೂತು ಬರೆದಿದ್ದಾರೆ' ಎಂದು ತೀರ್ಮಾನಿಸಿದರೆ ಅನ್ಯಾಯ. ತಿರುಗಿಸಿ ಹೇಳುವುದಾದರೆ, 'ಆ ಹೊತ್ತಿಗೆ ನಾನು ವಿಮಾನದಲ್ಲಿದ್ದೆ' ಎನ್ನುವುದೂ ಗಟ್ಟಿ ವಾದವಲ್ಲ. 2019ರಿಂದ ಜಿಮೇಲ್‌ನಲ್ಲಿ ಪತ್ರವನ್ನು ಮೊದಲೇ ಬರೆದು ಮುಂದಿನ ಹೊತ್ತಿಗೆ ನಿಗದಿ ಮಾಡುವ ಸೌಲಭ್ಯ ಇದೆ.

ಮೆಸೇಜ್ ಐಡಿಯಲ್ಲೂ ಮಾಹಿತಿ ಸಿಗುತ್ತದೆ. ಜಿಮೇಲ್‌ನ ವೆಬ್ ಅಥವಾ ಆ್ಯಪ್‌ನಿಂದ ಹೋದ ಪತ್ರದ ಐಡಿ ಸಾಮಾನ್ಯವಾಗಿ ಸಿ-ಎ ಎಂಬ ದೊಡ್ಡಕ್ಷರಗಳಿಂದ ಶುರುವಾಗಿ 'ಮೇಲ್ ಡಾಟ್ ಜಿಮೇಲ್ ಡಾಟ್ ಕಾಮ್' ಎಂದು ಮುಗಿಯುತ್ತದೆ. ಥಂಡರ್‌ಬರ್ಡ್‌ನಂಥ ಹೊರಗಿನ ಮೇಲ್ ಪ್ರೋಗ್ರಾಂ ಬಳಸಿ ಅದೇ ಜಿಮೇಲ್ ಖಾತೆಯಿಂದ ಕಳಿಸಿದರೆ ಐಡಿಯ ಚಹರೆಯೇ ಬೇರೆ, ಜೊತೆಗೆ ಕೆಳಗಿನ ರಿಸೀವ್ಡ್ ಸಾಲಿನಲ್ಲಿ ಕಳಿಸಿದ ಕಡೆಯ ಐಪಿ ವಿಳಾಸವೂ (ಇಂಟರ್‌ನೆಟ್ ಸಂಪರ್ಕದ ಗುರುತು ಸಂಖ್ಯೆ) ಇರುತ್ತದೆ. ಜಿಮೇಲ್ ಆ್ಯಪ್ ಬಿಟ್ಟು ಬೇರೆ ಏನೂ ಬಳಸದ ವ್ಯಕ್ತಿಯ ಹೆಸರಿನಲ್ಲಿ ಥಂಡರ್‌ಬರ್ಡ್‌ನಿಂದ ಹೋದ ಪತ್ರ ಸಿಕ್ಕರೆ, ಪ್ರಶ್ನೆ ಅಲ್ಲಿಂದಲೇ ಶುರುವಾಗಬೇಕು. ವೆಬ್‌ನಿಂದ ಕಳಿಸಿದ್ದರೆ ಮಾತ್ರ ಜಿಮೇಲ್ ಕಳಿಸಿದವರ ಐಪಿಯನ್ನು ತಲೆಸಾಲಿನಲ್ಲಿ ಕೊಡುವುದಿಲ್ಲ. 'ಹೆಡರ್ ಕೊಡಿ, ಯಾವ ಏರಿಯಾ ಅಂತ ಹೇಳ್ತೀವಿ' ಎನ್ನುವವರು ಗೂಗಲ್‌ನ ಸರ್ವರ್ ಇರುವ ಊರನ್ನು ತೋರಿಸಿ ದುಡ್ಡು ತೆಗೆದುಕೊಳ್ಳುತ್ತಾರೆ.

ಇಷ್ಟು ಒಳ್ಳೆಯ ಸೌಲಭ್ಯ ಫೋನಿನ ಆ್ಯಪ್‌ನಲ್ಲಿ ಇಲ್ಲ. ಪತ್ರವನ್ನು ಫೋನಿನಲ್ಲೇ ಓದಿ, ಫೋನಿನಲ್ಲೇ ಸಿಟ್ಟಾಗಿ, ಫೋನಿನಲ್ಲೇ ನಾಲ್ಕು ಗ್ರೂಪಿಗೆ ಕಳಿಸುವ ಕಾಲದಲ್ಲಿ ಅಸಲಿ-ನಕಲಿ ನೋಡಲು ಮಾತ್ರ ಲ್ಯಾಪ್‌ಟಾಪ್ ಹುಡುಕಬೇಕು. ಇದು ಗೂಗಲ್ ಮಾಡಬಹುದಾದ, ಮಾಡದೇ ಇರುವ ಕೆಲಸ.

ಪತ್ರದೊಳಗೆ ಪತ್ರ

ವಿಳಾಸ ನಕಲಿಸುವುದಕ್ಕಿಂತ ಅಪಾಯಕಾರಿಯಾದದ್ದು, ಮತ್ತು ಯಾರೂ ಅನುಮಾನಿಸದೇ ಇರುವುದು ಇದು. ನೀವು ನಿಮ್ಮ ಭಾವನಿಗೆ ಬರೆದ ಪತ್ರಕ್ಕೆ ಅವರು ಉತ್ತರಿಸುವಾಗ ಅಥವಾ ಅದನ್ನು ಇನ್ನೊಬ್ಬರಿಗೆ ಫಾರ್ವರ್ಡ್ ಮಾಡುವಾಗ, ಕೆಳಗೆ ಉಲ್ಲೇಖವಾಗಿ ಬರುವ ನಿಮ್ಮ ಮಾತುಗಳು ಬರೀ ಪಠ್ಯ. ಯಾರು ಬೇಕಾದರೂ ತಿದ್ದಬಹುದು. 'ಅಮ್ಮನ ಖರ್ಚು ನಾನು ನೋಡ್ಕೋತೀನಿ' ಎಂಬಲ್ಲಿ ಎರಡು ಪದ ಅಳಿಸಿ ಎರಡು ಸೇರಿಸಿದರೆ ಅರ್ಥ ತಲೆಕೆಳಗು. ದಿನಾಂಕ, ವೇಳೆ, ನಿಮ್ಮ ವಿಳಾಸ ಎಲ್ಲವೂ ಯಥಾವತ್. ಪತ್ರವನ್ನು ಪಡೆದವರು 'ಶೋ ಒರಿಜಿನಲ್' ನೋಡಿದರೂ ಡಿಕಿಮ್ ಪಾಸ್ ಎಂದೇ ಬರುತ್ತದೆ, ಏಕೆಂದರೆ ಆ ಸಹಿ ಫಾರ್ವರ್ಡ್ ಮಾಡಿದವರ ಪತ್ರಕ್ಕೆ ಸೇರಿದ್ದು, ಒಳಗೆ ಉಲ್ಲೇಖವಾದ ನಿಮ್ಮ ಮಾತಿಗಲ್ಲ. ಉಲ್ಲೇಖಕ್ಕೆ ಯಾವ ಸೇವೆಯಲ್ಲೂ ಕಾವಲಿಲ್ಲ.

ಮದ್ದು ಜಿಮೇಲ್‌ನಲ್ಲೇ ಇದೆ: ಅದೇ ಮೂರು ಚುಕ್ಕಿಯ ಪಟ್ಟಿಯಲ್ಲಿ 'ಫಾರ್ವರ್ಡ್ ಆ್ಯಸ್ ಅಟ್ಯಾಚ್‌ಮೆಂಟ್'. ಹೀಗೆ ಕಳಿಸಿದರೆ ಮೂಲ ಪತ್ರ ತನ್ನ ತಲೆಸಾಲು, ಸಹಿಗಳ ಸಮೇತ ಇಎಂಎಲ್ ಎಂಬ ಬಗೆಯ ಕಡತವಾಗಿ ಹೋಗುತ್ತದೆ. ಅದರಲ್ಲಿ ಒಂದು ಅಕ್ಷರ ಬದಲಾದರೂ ಡಿಕಿಮ್ ಮುರಿಯುತ್ತದೆ. ಕುಟುಂಬದ ತಕರಾರಿನಲ್ಲಿ ಯಾರಾದರೂ 'ಇಂತಿಂಥವರು ಹೀಗೆ ಬರೆದಿದ್ದಾರೆ' ಎಂದರೆ ಕೇಳಬೇಕಾದ್ದು ಒಂದೇ: ಅಟ್ಯಾಚ್‌ಮೆಂಟ್ ಆಗಿ ಕಳಿಸಿ. ಕಳಿಸಲು ಹಿಂದೆಮುಂದೆ ನೋಡಿದರೆ ಅರ್ಧ ಉತ್ತರ ಸಿಕ್ಕಿತು.

ಸ್ಕ್ರೀನ್‌ಶಾಟ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ಬ್ರೌಸರ್‌ನಲ್ಲಿ ಎಫ್12 ಒತ್ತಿ, ಪತ್ರದ ಪಠ್ಯದ ಮೇಲೆ ಎರಡು ಸಲ ಒತ್ತಿ, ಬೇಕಾದ್ದು ಟೈಪಿಸಿ, ಚಿತ್ರ ತೆಗೆದರೆ ಆಯಿತು. ಫೋಟೋಶಾಪ್ ಕೂಡ ಬೇಡ. ಪಿಡಿಎಫ್ ಪ್ರಿಂಟ್‌ಗೂ ಅಷ್ಟೇ ಬೆಲೆ. ಆದರೆ 'ನನ್ನ ಇನ್‌ಬಾಕ್ಸ್ ತೆರೆದೇ ತೋರಿಸ್ತೀನಿ' ಎಂದರೂ ಪೂರ್ತಿ ನಂಬುವಂತಿಲ್ಲ ಎಂಬುದು ಅನೇಕರಿಗೆ ಗೊತ್ತಿಲ್ಲ. ಹೊರಗಿನ ಪ್ರೋಗ್ರಾಂಗಳಿಂದ ಮೇಲ್‌ಬಾಕ್ಸ್ ತೆರೆಯುವ ಐಮ್ಯಾಪ್ ಎಂಬ ಪದ್ಧತಿಯ ಮೂಲಕ ಥಂಡರ್‌ಬರ್ಡ್‌ನಂಥ ಪ್ರೋಗ್ರಾಂ ಜೋಡಿಸಿ, ಕೈಯಾರೆ ತಯಾರಿಸಿದ ಇಎಂಎಲ್ ಕಡತವನ್ನು ತನ್ನದೇ ಖಾತೆಯೊಳಗೆ ಹಳೆಯ ದಿನಾಂಕದ ಪತ್ರವಾಗಿ ಸೇರಿಸಿಬಿಡಬಹುದು. ಅಂಥ ಕಡತದಲ್ಲಿ 'ಅಥೆಂಟಿಕೇಶನ್ ರಿಸಲ್ಟ್ಸ್: ಪಾಸ್' ಎಂಬ ಸಾಲನ್ನೂ ಟೈಪಿಸಿ ಇಡಬಹುದು. ಟೈಪಿಸಲಾಗದ್ದು ಡಿಕಿಮ್ ಸಹಿ ಒಂದೇ. ಅದಕ್ಕೆ ಗೂಗಲ್‌ನ ಗುಪ್ತ ಕೀಲಿ ಬೇಕು. ಹಾಗಾಗಿ ಕಡತದಲ್ಲಿ ಬರೆದಿರುವ ಫಲಿತಾಂಶವನ್ನು ಓದಬೇಡಿ, ಸಹಿಯನ್ನು ಹೊಸದಾಗಿ ಪರೀಕ್ಷಿಸಿ. ಥಂಡರ್‌ಬರ್ಡ್‌ಗೆ 'ಡಿಕಿಮ್ ವೆರಿಫೈಯರ್' ಎಂಬ ಉಚಿತ ಆ್ಯಡ್-ಆನ್ ಇದೆ, ಅದು ಈ ಕೆಲಸ ಮಾಡುತ್ತದೆ. 2016ರಲ್ಲಿ ಅಮೆರಿಕದ ಚುನಾವಣೆ ಹೊತ್ತಿಗೆ ಸೋರಿಕೆಯಾದ ಮೇಲ್‌ಗಳಲ್ಲಿ ಅನೇಕವನ್ನು ಅಸಲಿ ಎಂದು ಗುರುತಿಸಿದ್ದೂ ಇದೇ ಸಹಿಯ ಬಲದಿಂದ. ಸೇವಾದಾರರು ಕೀಲಿಗಳನ್ನು ಆಗಾಗ ಬದಲಿಸುತ್ತಾರೆ, ಪರೀಕ್ಷೆಗೆ ಬೇಕಾದ ಹಳೆಯ ಸಾರ್ವಜನಿಕ ಕೀಲಿ ಡಿಎನ್‌ಎಸ್‌ನಿಂದ (ಡೊಮೇನ್‌ಗಳ ಸಾರ್ವಜನಿಕ ದಾಖಲೆ) ಹೋದರೆ ಹಳೆಯ ಪತ್ರದ ಪರೀಕ್ಷೆ ಕಷ್ಟ. ಅನುಮಾನ ಬಂದ ವಾರದಲ್ಲೇ ಪರೀಕ್ಷಿಸಿ ಫಲಿತಾಂಶ ಉಳಿಸಿಕೊಳ್ಳುವುದು ಒಳ್ಳೆಯದು.

ಹಿತ್ತಿಲ ಬಾಗಿಲು

ಈಗ 2 ಅಂಕದ ವಿಷಯ. ಡಿಕಿಮ್ ಹೇಳುವುದು 'ಈ ಖಾತೆಯಿಂದ ಹೋಗಿದೆ' ಎಂದು. ಕೀಬೋರ್ಡ್ ಮುಂದೆ ಕೂತದ್ದು ಯಾರು ಎಂದು ಅದು ಹೇಳದು. ಮನೆಯವರು ನಿಮ್ಮ ಫೋನಿನಿಂದ ನಿಮ್ಮ ಹೆಸರಿನಲ್ಲೇ ಬರೆದರೆ ತಂತ್ರಜ್ಞಾನದ ದೃಷ್ಟಿಯಲ್ಲಿ ಅದು ನೂರಕ್ಕೆ ನೂರು ಅಸಲಿ ಪತ್ರ.

ಕಂಪ್ಯೂಟರ್‌ನಲ್ಲಿ ಇನ್‌ಬಾಕ್ಸ್‌ನ ಅಡಿಯಲ್ಲಿ ಬಲಕ್ಕೆ 'ಡೀಟೇಲ್ಸ್' ಎಂಬ ಪುಟ್ಟ ಕೊಂಡಿ ಇದೆ. ಖಾತೆ ಇತ್ತೀಚೆಗೆ ಎಲ್ಲಿಂದ ತೆರೆಯಿತು, ಯಾವ ಬಗೆಯ ಸಾಧನ, ಯಾವ ಐಪಿ ಎಂಬ ಪಟ್ಟಿ ಬರುತ್ತದೆ. ಹೊರಗಿನ ಕಳ್ಳನಿಗೆ ಇದು ಚೆನ್ನ. ಆದರೆ ಒಂದೇ ಮನೆಯ ವೈಫೈಯಲ್ಲಿ ಇಬ್ಬರದ್ದೂ ಒಂದೇ ಐಪಿ, ಹಾಗಾಗಿ ಪಟ್ಟಿ ನಿರ್ದೋಷಿಯಂತೆ ಕಾಣುತ್ತದೆ. ಅಲ್ಲಿ ಐಪಿ ಬಿಟ್ಟು ಸಾಧನದ ಬಗೆ ನೋಡಿ: ನೀವು ಬಳಸದ ಐಮ್ಯಾಪ್ ಅಥವಾ ನಿಮ್ಮಲ್ಲಿಲ್ಲದ ಬ್ರೌಸರ್. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ 'ಯುವರ್ ಡಿವೈಸಸ್' ಇನ್ನೂ ಸ್ಪಷ್ಟ. ಎಂದೋ ಮನೆಯ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗಿ ಮರೆತ ಕ್ರೋಮ್ ಪ್ರೊಫೈಲ್ ಅಲ್ಲೇ ಕೂತಿರುತ್ತದೆ.

ಪಾಸ್‌ವರ್ಡ್ ಬದಲಿಸಿದರೂ ಹೋಗದ ಮೂರು ಕಡೆ ಇವೆ. ಸೆಟ್ಟಿಂಗ್ಸ್‌ನಲ್ಲಿ 'ಫಾರ್ವರ್ಡಿಂಗ್': ಇಲ್ಲಿ ಬೇರೆ ವಿಳಾಸ ಇದ್ದರೆ ನಿಮ್ಮ ಪ್ರತಿ ಪತ್ರದ ಪ್ರತಿ ಅಲ್ಲಿಗೆ ಹೋಗುತ್ತಿದೆ. 'ಫಿಲ್ಟರ್ಸ್': ವಕೀಲರ ವಿಳಾಸದಿಂದ ಬಂದದ್ದನ್ನು ನೇರ ಅಳಿಸು, ತಂಗಿಯಿಂದ ಬಂದದ್ದನ್ನು ಓದಿದ್ದು ಎಂದು ಗುರುತಿಸಿ ಆರ್ಕೈವ್ ಮಾಡು ಎಂಬಂಥ ಒಂದು ಸಾಲು ಸಾಕು, ಎರಡು ಮನೆಗಳ ನಡುವೆ ಮಾತು ನಿಂತುಹೋಗಲು. 'ನಾಲ್ಕು ಸಲ ಬರೆದೆ, ಉತ್ತರವೇ ಇಲ್ಲ' ಎಂಬ ಎಷ್ಟೋ ಮುನಿಸುಗಳನ್ನು ಬಿಡಿಸುವಾಗ ಮೊದಲು ನೋಡಬೇಕಾದ ಜಾಗ ಇದು. ಮೂರನೆಯದು 'ಅಕೌಂಟ್ಸ್ ಆ್ಯಂಡ್ ಇಂಪೋರ್ಟ್' ಒಳಗಿನ 'ಗ್ರಾಂಟ್ ಆ್ಯಕ್ಸೆಸ್': ಅಲ್ಲಿ ಹೆಸರಿದ್ದವರು ತಮ್ಮದೇ ಪಾಸ್‌ವರ್ಡ್‌ನಿಂದ ನಿಮ್ಮ ಪತ್ರ ಓದಬಹುದು, ಅಳಿಸಬಹುದು, ನಿಮ್ಮ ವಿಳಾಸದಿಂದ ಬರೆಯಬಹುದು. ಈ ಮೂರನ್ನೂ ಪೂರ್ತಿ ನೋಡಲು ಬರುವುದು ಕಂಪ್ಯೂಟರ್‌ನಲ್ಲಿ. ಹೊಸ ಫಾರ್ವರ್ಡಿಂಗ್ ಸೇರಿದಾಗ ಜಿಮೇಲ್ ಕೆಲವು ದಿನ ಇನ್‌ಬಾಕ್ಸ್ ಮೇಲೆ ಸೂಚನೆ ತೋರಿಸುತ್ತದೆ, ಅದೂ ವೆಬ್‌ನಲ್ಲಿ. ಫೋನಿನಲ್ಲೇ ಬದುಕುವವರಿಗೆ ಅದು ಕಾಣುವುದೇ ಇಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ರಿಕವರಿ ನಂಬರ್. ಮದುವೆಯಾದ ಹೊಸದರಲ್ಲಿ ಗಂಡನ ನಂಬರ್ ಕೊಟ್ಟದ್ದು, ಕಾಲೇಜಿನಲ್ಲಿದ್ದಾಗ ಅಣ್ಣನ ನಂಬರ್ ಕೊಟ್ಟದ್ದು ಹಾಗೇ ಉಳಿದಿರುತ್ತದೆ. ಅದು ಕೈಯಲ್ಲಿದ್ದವರು ಖಾತೆಯನ್ನೇ ತಿರುಗಿ ಪಡೆಯಲು ಯತ್ನಿಸಬಹುದು. ಬದಲಿಸಿದ ಮೇಲೂ ಹಳೆಯ ನಂಬರ್‌ಗೆ ಏಳು ದಿನ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಇಟ್ಟುಕೊಳ್ಳುತ್ತದೆ. ಖಾತೆ ಕಳ್ಳತನವಾದರೆ ಮಾಲೀಕರಿಗೆ ನೆರವಾಗಲಿ ಎಂದು ಮಾಡಿದ ನಿಯಮ ಇದು, ಮನೆಯೊಳಗಿನ ಜಗಳದಲ್ಲಿ ತಿರುಗುಬಾಣ. ಹಾಗಾಗಿ ನಂಬರ್ ಬದಲಾವಣೆ ಮೊದಲು, ಮಾತುಕತೆ ಏಳು ದಿನ ಆದ ಮೇಲೆ.

ಬಾಗಿಲು ಮುಚ್ಚುವ ಅವಸರದಲ್ಲಿ ಸಾಕ್ಷಿ ಅಳಿಸಿಹೋಗುವುದೇ ಹೆಚ್ಚು. ಮೊದಲು ಫಿಲ್ಟರ್, ಫಾರ್ವರ್ಡಿಂಗ್, ಸಾಧನಗಳ ಪಟ್ಟಿ ಎಲ್ಲದರ ಚಿತ್ರ ತೆಗೆಯಿರಿ, ಪರದೆಯ ಮೇಲೆ ದಿನಾಂಕ ಕಾಣುವಂತೆ. ಟ್ರ್ಯಾಶ್ ನೋಡಿ, ಅಳಿಸಿದ ಪತ್ರ 30 ದಿನ ಅಲ್ಲಿರುತ್ತದೆ. ಗೂಗಲ್ ಟೇಕ್‌ಔಟ್‌ನಿಂದ ಇಡೀ ಮೇಲ್‌ಬಾಕ್ಸ್ ಇಳಿಸಿಕೊಳ್ಳಿ, ತಯಾರಾದ ಕೊಂಡಿ ಸುಮಾರು ಒಂದು ವಾರ ಮಾತ್ರ ಬದುಕಿರುತ್ತದೆ. ಆಮೇಲೆ ನಂಬಿಕೆಯ ಬೇರೊಂದು ಕಂಪ್ಯೂಟರ್‌ನಿಂದ ಪಾಸ್‌ವರ್ಡ್, ಆಮೇಲೆ ಪಾಸ್‌ಕೀ. ಪಾಸ್‌ವರ್ಡ್ ಬದಲು ಬಳಸುವ ಈ ಪಾಸ್‌ಕೀ ಫೋನಿನ ಬೆರಳಚ್ಚಿಗೆ ಅಂಟಿಕೊಳ್ಳುತ್ತದೆ. ಆ ಫೋನಿನಲ್ಲಿ ಇನ್ನೊಬ್ಬರ ಬೆರಳಚ್ಚೂ ಇದ್ದರೆ, ಅಥವಾ ಪಿನ್ ಅವರಿಗೆ ಗೊತ್ತಿದ್ದರೆ ಪ್ರಯೋಜನವಿಲ್ಲ. ಬೆರಳಚ್ಚು ಪಟ್ಟಿ ತೆಗೆದು ನೋಡಿ. ನಿಮ್ಮ ಖಾತೆಯಿಂದ ಯಾರೋ ಕಳಿಸಿ 'ಸೆಂಟ್'ನಿಂದ ಅಳಿಸಿದ್ದರೆ, ಪತ್ರ ಪಡೆದವರ ಬಳಿ ಅದು ಉಳಿದೇ ಇರುತ್ತದೆ. ಅವರಿಂದ ಇಎಂಎಲ್ ಕೇಳಿ.

ಬೇರೆ ಸೇವೆಗಳು, ಚುಟುಕಾಗಿ

ಔಟ್‌ಲುಕ್ ವೆಬ್‌ನಲ್ಲಿ ಮೂರು ಚುಕ್ಕಿ, 'ವ್ಯೂ', 'ಮೆಸೇಜ್ ಸೋರ್ಸ್'. ಹಸಿ ಪಠ್ಯ ಬರುತ್ತದೆ, ಜಿಮೇಲ್‌ನಂತೆ ಓದಲು ಸುಲಭವಾದ ಕೋಷ್ಟಕ ಇಲ್ಲ. ಯಾಹೂದಲ್ಲಿ 'ವ್ಯೂ ರಾ ಮೆಸೇಜ್'. ಐಫೋನಿನ ಮೇಲ್ ಆ್ಯಪ್ ತಲೆಸಾಲು ತೋರಿಸುವುದೇ ಇಲ್ಲ. ಪ್ರೋಟಾನ್‌ನಲ್ಲಿ 'ವ್ಯೂ ಹೆಡರ್ಸ್' ಮತ್ತು 'ಎಕ್ಸ್‌ಪೋರ್ಟ್' ಎರಡೂ ಇವೆ. ಇಬ್ಬರೂ ಪ್ರೋಟಾನ್ ಬಳಸಿದರೆ ಪತ್ರ ತುದಿಯಿಂದ ತುದಿಗೆ ಗೂಢ. ಆದರೆ ಕಿರುಕುಳ ಕೊಡುವವರು ಪ್ರೋಟಾನ್ ಬಳಸಿದರೆ ಪತ್ತೆ ಕಷ್ಟ. ಮಾಹಿತಿ ಸ್ವಿಟ್ಜರ್ಲೆಂಡ್‌ನ ಕಾನೂನಿನ ದಾರಿಯಲ್ಲೇ ಬರಬೇಕು. ಒಂದು ಕಂಪನಿಯ ಮಹಿಳಾ ಉದ್ಯೋಗಿಗಳ ಬಗ್ಗೆ ಹೋದ ಅಶ್ಲೀಲ ಮೇಲ್‌ಗಳ ಪ್ರಕರಣದಲ್ಲಿ, ಈ ಸೇವೆಯನ್ನು ತಡೆಯುವ ಪ್ರಕ್ರಿಯೆ ಆರಂಭಿಸುವಂತೆ ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತ್ತು.

ಬೆಂಗಳೂರಿನಲ್ಲಿ ಮುಂದಿನ ಹೆಜ್ಜೆ

1930 ಸಹಾಯವಾಣಿ ದುಡ್ಡು ಹೋದ ಪ್ರಕರಣಕ್ಕೆ ಚುರುಕು. ಹಣ ತಡೆಹಿಡಿಯುವುದೇ ಅದರ ಮುಖ್ಯ ಕೆಲಸ. ಹೆಸರು ಕದ್ದು ಬರೆದ ಪ್ರಕರಣಕ್ಕೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ನಿಮ್ಮ ವಿಭಾಗದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ಹೋಗುವುದು ಸರಿ. ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸ್‌ನಲ್ಲಿ ಸಿಐಡಿಯ ಸೈಬರ್ ಠಾಣೆಯೂ ಇದೆ, 2001ರಿಂದ. ಐಟಿ ಕಾಯ್ದೆಯ ಪ್ರಕರಣವನ್ನು ತನಿಖೆ ಮಾಡಬೇಕಾದವರು ಇನ್‌ಸ್ಪೆಕ್ಟರ್ ಅಥವಾ ಮೇಲಿನವರು, ಅದು 78ನೇ ಸೆಕ್ಷನ್. ಕೂತು ಮಾತನಾಡಿ ಬಗೆಹರಿಸುವ ಮಟ್ಟದಲ್ಲೇ ಇದ್ದರೆ ಇನ್‌ಫೆಂಟ್ರಿ ರಸ್ತೆಯ ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿ ಉತ್ತಮ. ಎಫ್‌ಐಆರ್ ಆದ ಮೇಲೆ ಮಾತುಕತೆಯ ದಾರಿ ಕಿರಿದಾಗುತ್ತದೆ.

ದೂರಿನಲ್ಲಿ 'ನನ್ನ ಮೇಲ್ ಹ್ಯಾಕ್ ಆಗಿದೆ' ಎಂದು ಒಂದೇ ಸಾಲು ಬರೆದರೆ ಕೆಲಸ ಮುಂದೆ ಹೋಗದು. ಯಾವ ಬಗೆಯದು ಎಂದು ಬಿಡಿಸಿ ಬರೆಯಿರಿ. ಪಾಸ್‌ವರ್ಡ್ ಬಳಸಿ ನಿಮ್ಮ ಖಾತೆಯಿಂದ ಬರೆದಿದ್ದರೆ ಐಟಿ ಕಾಯ್ದೆಯ ಸೆಕ್ಷನ್ 66ಸಿ, ಹೋಲುವ ಖಾತೆ ತೆರೆದು ಮೋಸ ಮಾಡಿದ್ದರೆ 66ಡಿ. ಎರಡಕ್ಕೂ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅನುಮತಿಯಿಲ್ಲದೆ ಖಾತೆಗೆ ನುಗ್ಗಿದ್ದರೆ 43 ಮತ್ತು 66. ಮಾನ ಕಳೆಯಲೆಂದು ಪತ್ರ ತಿದ್ದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 336. 66ಎ ಎಂದು ಬರೆದುಕೊಡುವವರು ಇನ್ನೂ ಇದ್ದಾರೆ. ಸುಪ್ರೀಂ ಕೋರ್ಟ್ ಅದನ್ನು 2015ರ ಮಾರ್ಚ್‌ನಲ್ಲೇ ರದ್ದು ಮಾಡಿದೆ.

ತಡ ಮಾಡಬೇಡಿ. ಗೂಗಲ್‌ನಿಂದ ಪೊಲೀಸರಿಗೆ ಸಿಗುವುದು ಲಾಗಿನ್ ಐಪಿಗಳು. ಆ ಐಪಿ ಯಾರದ್ದೆಂದು ಹೇಳಬೇಕಾದ್ದು ಇಂಟರ್‌ನೆಟ್ ಕಂಪನಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಲಾಗ್‌ಗಳನ್ನು (ಬಳಕೆಯ ದಾಖಲೆ) ಇಡಬೇಕಾದ ಅವಧಿ 180 ದಿನ. ಮೊಬೈಲ್ ಡೇಟಾದಲ್ಲಿ ಒಂದೇ ಐಪಿಯನ್ನು ಏಕಕಾಲಕ್ಕೆ ಅನೇಕರು ಹಂಚಿಕೊಂಡಿರುತ್ತಾರೆ, ಆದ್ದರಿಂದ ಸೆಕೆಂಡಿನವರೆಗಿನ ವೇಳೆ ಬೇಕು. ಅದು ಇರುವುದು ಇಎಂಎಲ್‌ನಲ್ಲಿ, ಸ್ಕ್ರೀನ್‌ಶಾಟ್‌ನಲ್ಲಿ ಅಲ್ಲ.

ಕೋರ್ಟಿಗೆ ಹೋಗುವ ಹಾಗಿದ್ದರೆ 'ಡೌನ್‌ಲೋಡ್ ಒರಿಜಿನಲ್' ಒತ್ತಿ ಕಡತ ಇಳಿಸಿ. ನೋಟ್‌ಪ್ಯಾಡ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ಸಾಲಿನ ಕೊನೆಯ ಗುರುತು ಬದಲಾದರೂ ಸಹಿ ಮುರಿಯಬಹುದು. ಕಡತದ ಬೆರಳಚ್ಚಿನಂತಿರುವ ಎಸ್‌ಎಚ್‌ಎ-256 ಹ್ಯಾಶ್ ತೆಗೆಯಿರಿ, 64 ಅಕ್ಷರಗಳ ಸಾಲು ಬರುತ್ತದೆ. ವಿಂಡೋಸ್‌ನ ಸರ್ಟ್‌ಯುಟಿಲ್, ಮ್ಯಾಕ್‌ನ ಶಾಸಮ್ ಇದಕ್ಕೆ ಸಾಕು, ದುಡ್ಡು ಕೊಡಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರದಲ್ಲಿ ಎರಡು ಭಾಗ: ಎ ಭಾಗ ನೀವು ತುಂಬುವುದು, ಬಿ ಭಾಗ ತಜ್ಞರು ತುಂಬುವುದು, ಎರಡರಲ್ಲೂ ಹ್ಯಾಶ್ ಬರೆಯಬೇಕು. ಕೋರ್ಟ್ ಸುತ್ತಲಿನ ಕೆಲವು ಜೆರಾಕ್ಸ್ ಅಂಗಡಿಗಳಲ್ಲಿ ಇನ್ನೂ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ನಮೂನೆಯೇ ಸಿಗುತ್ತದೆ. ಅದರಲ್ಲಿ ಬಿ ಭಾಗವೂ ಇಲ್ಲ, ಹ್ಯಾಶ್‌ನ ಜಾಗವೂ ಇಲ್ಲ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕೌಟುಂಬಿಕ ನ್ಯಾಯಾಲಯಕ್ಕೆ 1984ರ ಕಾಯ್ದೆಯ 14ನೇ ಸೆಕ್ಷನ್ ಸಾಕ್ಷ್ಯದ ವಿಷಯದಲ್ಲಿ ಹೆಚ್ಚಿನ ಸಡಿಲಿಕೆ ಕೊಟ್ಟಿದೆ. ಸ್ವೀಕರಿಸುವುದು ಬೇರೆ, ನಂಬುವುದು ಬೇರೆ ಎಂಬುದನ್ನು ವಕೀಲರೇ ಹೇಳುತ್ತಾರೆ.

'ಗಂಡನ ಮೇಲ್ ತೆರೆದುಕೊಡ್ತೀವಿ, ಹೆಂಡತಿಯ ಇನ್‌ಬಾಕ್ಸ್ ತೋರಿಸ್ತೀವಿ' ಎಂದು ಜಾಹೀರಾತು ಕೊಡುವ ಪತ್ತೇದಾರಿ ಸೇವೆಗಳಿಗೆ ಅಂಕ ಸೊನ್ನೆ. ಅವರು ಮಾಡುವುದು ಮೇಲೆ ಹೇಳಿದ 66ರ ಅಪರಾಧವನ್ನೇ, ದುಡ್ಡು ಕೊಟ್ಟವರೂ ಅದರಲ್ಲಿ ಸಿಕ್ಕಿಕೊಳ್ಳಬಹುದು. ಅವರು ಕೊಡುವುದು ಮತ್ತೆ ಸ್ಕ್ರೀನ್‌ಶಾಟ್.